ಹೆಣ್ಣುಮಕ್ಕಳ ಬಾಗಿಲ ಕಲ್ಲು

ಶಹಾಬಾದ್
8 ಜನವರಿ 2024

ಪ್ರೀತಿಯ ಕೃಪಾ ಅತ್ತೆಯವರಿಗೆ ಶೈಲಶ್ರೀಯ ವಂದನೆಗಳು.

'ಮುಖ ತೋರದ ತಾಯಿ, ನನ ಉಡಿಯ ತುಂಬಿದಿ...' ಇದರ ಮುಂದಿನ ಸಾಲು ಏನಿತ್ತು? ಅವ್ವ ರೊಟ್ಟಿ ಬಡಿಯುವಾಗ ಇದನ್ನು ಗುನುಗುತ್ತಿದ್ದಳು. ನಮ್ಮ ದೇವಾಲಯದ ಯಾವುದೋ ಹಳೆಯ ಕೀರ್ತನೆ ಇರಬೇಕೆಂದು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಸಾಲು ತಾನಾಗಿ ತುಟಿಗೆ ಬಂತು. ಆಗ ಮೊದಲ ಸಲ ಅನುಮಾನವಾಯಿತು. ನಮ್ಮ ಕೀರ್ತನೆಗಳಲ್ಲಿ ತಂದೆ ಇದ್ದಾನೆ, ಮಗ ಇದ್ದಾನೆ. ಈ ತಾಯಿ ಎಲ್ಲಿಂದ ಬಂದಳು? ಬಂದವಳು ಮುಖವನ್ನೇಕೆ ತೋರಿಸುವುದಿಲ್ಲ?

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೇಳಿಸಿದ್ದರೂ ಬಹುಶಃ ಬರೆಯುತ್ತಿದ್ದೆ.

ನಮ್ಮ ದೇವಾಲಯಕ್ಕೆ ಈ ವರ್ಷ ಎಪ್ಪತ್ತೈದು ತುಂಬುತ್ತದೆ. ಪುನರುತ್ಥಾನದ ಹಬ್ಬದ ದಿನ ಗೋಡೆಗೆ ಹೊಸ ಫಲಕ ಹಾಕುತ್ತಾರೆ. ಸಭೆಯ ಚರಿತ್ರೆ ಬರೆದುಕೊಡು ಎಂದು ಪಾಸ್ಟರ್ ಶಾಂತಕುಮಾರ ಅವರು ನನಗೆ ಹೇಳಿದ್ದಾರೆ. ಕಮಿಟಿಯವರು ಮೊದಲ ಸಾಲನ್ನು ತಾವೇ ಬರೆದುಕೊಟ್ಟರು: 'ಈ ಊರಿನ ಮೊದಲ ವಿಶ್ವಾಸಿ ಕಲ್ಯಾಣಪ್ಪ ಬೋಧಕರು.' ಫಲಕದ ಮೇಲೂ ಅದೇ ಸಾಲು ಬರುತ್ತದಂತೆ. ಕಲ್ಯಾಣಪ್ಪ ಬೋಧಕರು ನಿಮ್ಮ ತಂದೆ, ಅವರ ಮೇಲೆ ನನಗೆ ಗೌರವವಿದೆ. ಆದರೆ ಅವ್ವನ ತಾಯಿ, ನನ್ನ ಗುಂಡಮ್ಮ ಆಯಿ ಎಲ್ಲಿ? ತಲೆಯ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತು ಬದುಕಿದ ಹೆಂಗಸು, ಊರಿನಲ್ಲಿ ಎಲ್ಲರಿಗಿಂತ ಮೊದಲು ದೀಕ್ಷಾಸ್ನಾನ ಪಡೆದವಳು ಎಂದು ಅವ್ವ ಹೇಳುತ್ತಿದ್ದಳಲ್ಲ? ದಂಡೋತಿಯವರೆಗೂ ನಡೆದುಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುತ್ತಿದ್ದಳು ಎಂದು? ನೀವು ಗುಂಡಮ್ಮನ ಸೊಸೆ, ಕಲ್ಯಾಣಪ್ಪನವರ ಮಗಳು. ಎರಡೂ ಮನೆಯ ಮಾತು ಬಲ್ಲವರು ಈಗ ನೀವೊಬ್ಬರೇ.

ಇನ್ನೊಂದು ವಿಷಯ. ದೇವಾಲಯದ ಹೆಣ್ಣುಮಕ್ಕಳ ಬಾಗಿಲಿನ ಮುಂದೆ, ಓಣಿಯ ಕಡೆಗೆ, ದಪ್ಪನೆಯ ಕಲ್ಲೊಂದಿದೆಯಲ್ಲ. ಅದನ್ನು ನಮ್ಮ ಹೆಂಗಸರು ಯಾರೂ ತುಳಿಯುವುದಿಲ್ಲ. ಸೀರೆ ಎತ್ತಿಕೊಂಡು ದಾಟಿಯೇ ಒಳಗೆ ಹೋಗುತ್ತಾರೆ. ನಾನೂ ಹಾಗೇ ಬೆಳೆದೆ, ಏಕೆಂದು ಕೇಳಲೇ ಇಲ್ಲ. ಈಗ ನೆಲಕ್ಕೆ ಟೈಲ್ಸ್ ಹಾಕುತ್ತಾರೆ, ಆ ಕಲ್ಲನ್ನೂ ಎಬ್ಬಿಸಬೇಕಾಗುತ್ತದೆ. ಅದೇನು ಕಲ್ಲು?

ನಿಮ್ಮ ಉತ್ತರ ಬಂದ ಮೇಲೆಯೇ ಚರಿತ್ರೆಯ ಮೊದಲ ಸಾಲು ಬರೆಯುತ್ತೇನೆ.

ನಿಮ್ಮ,
ಶೈಲಾ


ಚಂದಾಪುರ
19 ಜನವರಿ 2024

ಕರ್ತನಲ್ಲಿ ಪ್ರಿಯಳಾದ ಶೈಲಾಗೆ ಕೃಪಾಬಾಯಿಯ ಆಶೀರ್ವಾದಗಳು.

ನಾನು ಕ್ಷೇಮ. ಮಗಳಿಗೆ ಆಫೀಸಿನಲ್ಲಿ ಕೆಲಸ ಹೆಚ್ಚು, ಸಂಜೆ ಬರುವುದು ತಡ. ಈ ಸಲ ತೊಗರಿ ಚೆನ್ನಾಗಿ ಬಂದಿದೆ ಎನ್ನುತ್ತಾರೆ. ಸುಲೇಪೇಟದ ಸಂತೆಯಿಂದ ಹಸಿ ತೊಗರಿಕಾಯಿ ತರಿಸಿದ್ದೆ, ನಿನ್ನ ಅವ್ವನ ನೆನಪಾಯಿತು. ಅವಳಿಗೆ ಕುದಿಸಿದ ಕಾಯಿ ಬಹಳ ಇಷ್ಟವಿತ್ತು.

ನೀನು ಕೇಳಿದ ಸಾಲು ಕೀರ್ತನೆಯದಲ್ಲ. ನಿನ್ನ ಅವ್ವ ಕೆಲಸದ ನಡುವೆ ಏನಾದರೂ ಕಟ್ಟಿ ಹಾಡುತ್ತಿದ್ದಳು. ಅದರಲ್ಲಿ ಹುಡುಕುವಂಥದ್ದು ಏನಿಲ್ಲ.

ಕಲ್ಲಿನ ವಿಷಯ. ಅದು ಅಲುಗಾಡುತ್ತದೆ. ಮಳೆಗಾಲದಲ್ಲಿ ಒಬ್ಬಳು ಜಾರಿ ಬಿದ್ದಿದ್ದಳು, ಅಂದಿನಿಂದ ದಾಟುವ ರೂಢಿ. ಟೈಲ್ಸ್ ಒಳಗಷ್ಟೇ ಹಾಕಲು ಹೇಳು. ಬಾಗಿಲ ಮುಂದಿನದನ್ನು ಎಬ್ಬಿಸುವುದು ಬೇಡ, ಹಳೆಯ ಕಟ್ಟಡ, ಬುನಾದಿ ಸಡಿಲವಾದೀತು.

ನಿನ್ನ ಆಯಿ ತನ್ನ ಹೆಸರು ಎಲ್ಲಿಯೂ ಬೇಡವೆನ್ನುತ್ತಿದ್ದರು. ಹೆಸರು ಪರಲೋಕದಲ್ಲಿ ಬರೆದಿದ್ದರೆ ಸಾಕು ಎನ್ನುವವರು. ಕಮಿಟಿಯವರು ಹೇಳಿದಂತೆ ಬರೆದು ಮುಗಿಸು. ನಿನ್ನ ಆರೋಗ್ಯ ನೋಡಿಕೋ.

ಕೃಪಾ ಅತ್ತೆ


ಶಹಾಬಾದ್
26 ಜನವರಿ 2024

ಅತ್ತೆಯವರಿಗೆ,

ನಿಮ್ಮ ಪತ್ರ ಬಂದ ದಿನವೇ ಹೋಗಿ ಆ ಕಲ್ಲಿನ ಮೇಲೆ ನಿಂತೆ. ಜೀವನದಲ್ಲಿ ಮೊದಲ ಸಲ. ಆದರೆ ಕಲ್ಲು ಅಲುಗಾಡಲಿಲ್ಲ ಅತ್ತೆ. ಒಂದು ಕಾಲಿನ ಮೇಲೆ ಭಾರ ಹಾಕಿ ನೋಡಿದೆ, ಮೂಲೆಗೆ ನಿಂತು ನೋಡಿದೆ. ಬಂಡೆಯಂತಿದೆ.

ಫರಸಿ ಹಾಕುವ ಸೂಗಪ್ಪನನ್ನು ಕರೆಸಿದೆ. ಅವನು ಕುಕ್ಕರಗಾಲಲ್ಲಿ ಕುಳಿತು ಬೆರಳ ಗೆಣ್ಣಿನಿಂದ ಕುಟ್ಟಿದ, ಮೇಲೆ ಅಂಗೈ ಆಡಿಸಿದ.

"ಇದು ಬೋರಲ ಮಲಗ್ಯಾದ್ರಿ ಬಾಯಾರ. ಬೆನ್ನು ಮ್ಯಾಲ ಅದ."

"ಅಂದರೆ?"

"ಅಂದ್ರ ಚಂದ ಮಾಡಿದ ಮುಖ ಮಣ್ಣಾಗ ಅದ. ಯಾರ್ ಹಾಕ್ಯಾರೋ ಏನೋ. ಶಹಾಬಾದಿನ್ಯಾಗ ಹುಟ್ಟಿದ ಕೂಸೂ ಹಿಂಗ ಫರಸಿ ಹಾಕಲ್ರಿ."

ಆಗಲೇ ಮಾಣಿಕಪ್ಪ ಮಾಮಾ ಬಂದರು. ನಿಮ್ಮ ತಮ್ಮ, ಕಮಿಟಿಯ ಹಿರಿಯರು, ಅವರಿಗೆ ಎದುರು ಮಾತಾಡುವವರು ಯಾರು? "ಏ ಸೂಗ್ಯಾ, ನಿನಗ ಕೂಲಿ ಒಳಗಿನ ಕೆಲಸಕ್ಕ. ಏಳು, ಒಳಗ ನಡಿ" ಎಂದರು. ನನ್ನ ಕಡೆ ತಿರುಗಿ, "ಅಕ್ಕಗ ಪತ್ರ ಬರದೀಯಂತಲ್ಲವ್ವಾ. ವಯಸ್ಸಾದಾಕಿ, ಯಾಕ ತ್ರಾಸ ಕೊಡ್ತಿ?" ಎಂದರು. ನಾನು ಬರೆದದ್ದು ಅವರಿಗೆ ಹೇಗೆ ಗೊತ್ತಾಯಿತು? ನಿಮಗೆ ಫೋನು ಕೇಳಿಸುವುದಿಲ್ಲ. ನಿಮ್ಮ ಮಗಳಿಂದ ಮಾಡಿಸಿದಿರಾ? ಹಸಿ ತೊಗರಿಕಾಯಿಯ ಬಗ್ಗೆ ನನಗೆ ಬರೆಯುವ ಮೊದಲೇ ಇದನ್ನು ಅವರಿಗೆ ತಿಳಿಸಿದಿರಾ?

ಕೇಳಿ, ಇದು ಇನ್ನೂ ವಿಚಿತ್ರ. ಇಂದು ಶುಕ್ರವಾರ. ಬೆಳಿಗ್ಗೆ ನೋಡಿದರೆ ಆ ಕಲ್ಲು ಎಣ್ಣೆಯಿಂದ ಹೊಳೆಯುತ್ತಿತ್ತು. ಅಂಚುಗಳಲ್ಲಿ, ಸಂದುಗಳಲ್ಲಿ ಎಣ್ಣೆ ಇಳಿದಿತ್ತು. ಹೋದ ಶುಕ್ರವಾರವೂ ಒದ್ದೆ ಕಂಡಿತ್ತು, ನೀರೆಂದುಕೊಂಡಿದ್ದೆ. ಸೂಗಪ್ಪನನ್ನು ಕೇಳಿದರೆ, "ನಾ ಯಾಕ್ ಹಾಕ್ಲಿರಿ, ಎಣ್ಣಿ ಮ್ಯಾಲ ಸಿಮೆಂಟ್ ಹಿಡೀತದೇನು?" ಎಂದು ನನ್ನನ್ನೇ ಕೇಳಿದ. ಎದುರು ಮನೆಯ ತಾಜುನ್ನಿಸಾ ಖಾಲಾ ಇಡೀ ದಿನ ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಯಾರನ್ನಾದರೂ ಕಂಡಿರಾ ಎಂದೆ. "ನನ ಕಣ್ಣು ಮಂಜಾಗ್ಯಾವ ಬೇಟಿ, ನಾ ಏನ್ ಕಾಣಲಿ" ಎಂದು ಒಳಗೆ ಹೋಗಿಬಿಟ್ಟರು. ನಿನ್ನೆ ಇದೇ ಖಾಲಾ ಓಣಿಯ ಆ ತುದಿಯಲ್ಲಿದ್ದ ಮೇಕೆಯ ಗುರುತು ಹಿಡಿದು ಬೈದಿದ್ದರು!

ಯಾರೋ ಸಂದು ಸಡಿಲ ಮಾಡುತ್ತಿದ್ದಾರೆ. ಫಲಕ ಏರುವ ಮೊದಲು ಕಲ್ಲನ್ನು ಎಬ್ಬಿಸಿ ಒಯ್ಯುವ ಹವಣಿಕೆ ಇದು. ಯಾರ ಕಲ್ಲು ಅದು, ಯಾರ ಹೆಸರಿದೆ ಅದರಲ್ಲಿ, ನನಗೆ ಹೊಳೆಯತೊಡಗಿದೆ. ನನ್ನ ಆಯಿ ಖಣಿಯಲ್ಲಿ ಕಲ್ಲು ಹೊತ್ತವಳು. ನಿಮ್ಮ ತಂದೆ ಹೊಲ ಮನೆ ಇದ್ದವರು. ಅವಳು ಮೊದಲಿಗಳಾದರೆ ಅವರು ಎರಡನೆಯವರಾಗಬೇಕಾಗುತ್ತದೆ. ಅಷ್ಟೇ ಅಲ್ಲವೇ?

ಉತ್ತರ ಬೇಗ ಬರೆಯಿರಿ.

ಶೈಲಾ


ಶಹಾಬಾದ್
19 ಫೆಬ್ರವರಿ 2024

ಕೃಪಾಬಾಯಿ ಅತ್ತೆಯವರಿಗೆ,

ನಿಮ್ಮ ಉತ್ತರವಿಲ್ಲ. ಮೌನವನ್ನೂ ಓದಲು ಬರುತ್ತದೆ ನನಗೆ.

ಪ್ರತಿ ಗುರುವಾರ ಸಂಜೆಗೂ ಶುಕ್ರವಾರ ಬೆಳಿಗ್ಗೆಗೂ ನಡುವೆ ಎಣ್ಣೆ ಬೀಳುತ್ತಿದೆ. ಪಾಸ್ಟರ್ ಅವರಿಗೆ ತೋರಿಸಿದೆ. ಮೆದು ಮನುಷ್ಯ, ಕಮಿಟಿ ಸೇರಲಿ ಎಂದರು. ಕಮಿಟಿ ಸೇರಿತು. ಮಾಣಿಕಪ್ಪ ಮಾಮಾ, "ಸತ್ತೋರ ಮಾತು ಸತ್ತೋರ ಕೂಡ ಇರ್ಲಿ" ಎಂದರು. ಹಾಗಾದರೆ ನಿಮ್ಮ ತಂದೆಯವರ ಹೆಸರೇಕೆ ಗೋಡೆ ಏರಬೇಕು ಎಂದು ಕೇಳಿದೆ. ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು. ಅವರಿಗೂ ಏನೋ ಗೊತ್ತಿದೆ. ಈ ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿಲ್ಲವೇನೋ.

ಮಾರ್ಚ್ 3ರ ಭಾನುವಾರ, ಆರಾಧನೆ ಮುಗಿದ ಮೇಲೆ, ಎಲ್ಲರ ಮುಂದೆ ಆ ಕಲ್ಲನ್ನು ತಿರುಗಿಸುತ್ತೇವೆ. ಪಾಸ್ಟರ್ ಒಪ್ಪಿದ್ದಾರೆ. ನೀವು ಹೇಳುವುದೇನಾದರೂ ಇದ್ದರೆ ಅದರೊಳಗೆ ಹೇಳಿ. ಇಲ್ಲದಿದ್ದರೆ ಕಲ್ಲೇ ಹೇಳಲಿ.

ಶೈಲಶ್ರೀ


ಚಂದಾಪುರ
28 ಫೆಬ್ರವರಿ 2024

ಶೈಲಾ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಭಾನುವಾರದ ಒಳಗೆ ಮುಟ್ಟಲಿ ಎಂದು ಪ್ರಾರ್ಥಿಸಿ ಹಾಕಿಸುತ್ತಿದ್ದೇನೆ. ಮಾಣಿಕನಿಗೆ ಹೇಳಿಸಿದ್ದು ನಾನೇ. ಕಲ್ಲು ಅಲುಗಾಡುತ್ತದೆ ಎಂದದ್ದು ಸುಳ್ಳು.

ಅದು ನಿನ್ನ ಆಯಿಯ ಕಲ್ಲೇ. ಅವರು ಬೈಬಲ್ ಓದಿ ಹೇಳಿದ್ದಷ್ಟೇ ಅಲ್ಲ, ಸೂಲಗಿತ್ತಿಯೂ ಆಗಿದ್ದರು. ಯಾವ ಓಣಿ, ಯಾವ ಜಾತಿ ಎಂದು ಕೇಳದೆ ಹೋಗುತ್ತಿದ್ದರು. ಅವರು ತೀರಿಕೊಂಡಾಗ ಖಣಿಯ ಮಂದಿ ತಾವೇ ಒಂದು ಒಳ್ಳೆಯ ಕಲ್ಲು ಆರಿಸಿ, ಅಕ್ಷರ ಕೆತ್ತಿಸಿ ತಂದು, ಹೆಣ್ಣುಮಕ್ಕಳ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು. 'ಗುಂಡಮ್ಮ. ಮೊದಲು ನಂಬಿದವಳು.' ಇಷ್ಟೇ ಬರಹ.

ಸ್ವಲ್ಪ ದಿನಕ್ಕೆ ಅದರ ಮುಂದೆ ತೆಂಗಿನಕಾಯಿ ಬಂತು. ಕುಂಕುಮ ಬಂತು. ಎಣ್ಣೆ ಬಂತು. ಮಕ್ಕಳಿಲ್ಲದವರು ಸಣ್ಣ ತೊಟ್ಟಿಲು ಕಟ್ಟಿದರು. ಊರವರಷ್ಟೇ ಆಗಿದ್ದರೆ ಒಂದು ಮಾತು, ನಮ್ಮ ಸಭೆಯ ಹೆಂಗಸರೂ ಕದ್ದು ಕೈಮುಗಿದರು. ನಿನ್ನ ಅವ್ವನೂ. ಅವಳ ಎರಡು ಕೂಸು ಉಳಿದಿರಲಿಲ್ಲ. ಮೂರನೆಯದು ನೀನು. ವಿಗ್ರಹ ಬಿಟ್ಟು ಬಂದ ಸಭೆಯ ಬಾಗಿಲಲ್ಲೇ ವಿಗ್ರಹ ಹುಟ್ಟಿತೆಂದು ಗಂಡಸರು ಕುದಿದರು. ಕಲಬುರಗಿಯಿಂದ ಸಭೆಗಳ ಮೇಲ್ವಿಚಾರಕರು ಬಂದು ನೋಡಿ, ಒಡೆದು ಹಾಕಿರಿ ಎಂದು ಹೇಳಿ ಹೋದರು.

ನನ್ನ ತಂದೆ ಸುತ್ತಿಗೆ ತಂದರು. ನಾನು ಅಲ್ಲಿಯೇ ಇದ್ದೆ. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಅವ್ವ ಕಲ್ಲಿಗೆ ಅಡ್ಡ ಬಂದು ಕುಳಿತಳು. "ಬೋಧಕ್ರೇ, ಮೊದ್ಲ ನನ್ನ ಮ್ಯಾಲ ಹಾಕ್ರಿ ಸುತ್ತಿಗಿ" ಎಂದಳು. ನನ್ನ ತಂದೆ ಸುತ್ತಿಗೆ ಕೆಳಗಿಟ್ಟರು. ಆಮೇಲೆ, "ಏಳವ್ವಾ. ಒಡ್ಯಾದು ಬ್ಯಾಡ, ಮಲಗಸೋಣ" ಎಂದರು. ಮುಖ ಕೆಳಗೆ ಮಾಡಿ ಬಾಗಿಲ ಮುಂದೆ ಹಾಸಿದರು. ಯಾರೂ ಈ ಮಾತು ಎತ್ತಬಾರದೆಂದು ಗಂಡಸರು ಹೆಂಗಸರು ಎಲ್ಲ ಒಪ್ಪಿಕೊಂಡರು. ತುಳಿಯಬಾರದೆಂದು ಮಾತ್ರ ಹೆಂಗಸರು ತಾವೇ ಮಾಡಿಕೊಂಡ ಕಟ್ಟಳೆ. ನಿನ್ನ ಅವ್ವ ಹಾಡು ಕಟ್ಟಿದ್ದು ಆಮೇಲೆ. ಎರಡನೆಯ ಸಾಲು ನನಗೆ ಪೂರ್ತಿ ನೆನಪಿಲ್ಲ. ಬೆನ್ನಿನ ಮಾತೇನೋ ಇತ್ತು.

ನಿನ್ನ ಆಯಿ ಹೊಲೆದ ಕುಪ್ಪಸ ತೊಟ್ಟು ನಾನು ಮದುವೆಯಾದೆ. ಖಣಿಯವಳೆಂದು ಹೀನ ಕಂಡಿದ್ದರೆ ನನ್ನ ತಂದೆ ನನ್ನನ್ನು ಅವರ ಮಗನಿಗೆ ಕೊಡುತ್ತಿದ್ದರೇ? ಆದರೂ ಒಂದು ಮಾತು ಮುಚ್ಚಿಡುವುದಿಲ್ಲ. ಕಲ್ಲು ಮಲಗಿದ ಮೇಲೆ ಜನ ನನ್ನ ತಂದೆಯನ್ನೇ 'ಮೊದಲ ವಿಶ್ವಾಸಿ' ಎನ್ನತೊಡಗಿದರು. ಅವರು ತಿದ್ದಲಿಲ್ಲ. ಆ ಎರಡು ಪದ ಅವರನ್ನು ಚುಚ್ಚುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಈಗ ಕೇಳುವಂತಿಲ್ಲ.

ನೀನು ಹೇಳುವ ಎಣ್ಣೆ ನನಗೆ ಹೆದರಿಕೆ ತಂದಿದೆ. ಅದು ನಿಂತುಹೋಯಿತೆಂದು ತಿಳಿದಿದ್ದೆ. ಕಲ್ಲು ತಿರುಗಿದರೆ ಮತ್ತೆ ಕುಂಕುಮ ಬರುತ್ತದೆ, ಅದರ ಹಿಂದೆ ಸುತ್ತಿಗೆ ಬರುತ್ತದೆ. ಈ ಸಲ ಅಡ್ಡ ಕೂರಲು ನಿನ್ನ ಅವ್ವ ಇಲ್ಲ. ಮಲಗಿದವರನ್ನು ಎಬ್ಬಿಸಬೇಡ ಶೈಲಾ.

ಕೃಪಾ


ಶಹಾಬಾದ್
7 ಮಾರ್ಚ್ 2024

ಪ್ರೀತಿಯ ಅತ್ತೆ,

ನಿಮ್ಮ ಪತ್ರ ಸೋಮವಾರ ಬಂತು. ಕಲ್ಲು ಭಾನುವಾರವೇ ತಿರುಗಿತ್ತು.

ಸೂಗಪ್ಪ ಮತ್ತು ಅವನ ಜೊತೆಯವರು ಹಾರೆ ಹಾಕಿ ಎತ್ತಿದರು. ಮಣ್ಣು ತೊಳೆದಾಗ ಅಕ್ಷರಗಳು ನಿನ್ನೆ ಕೆತ್ತಿದ ಹಾಗೆ ಇದ್ದವು. ಮಾಣಿಕಪ್ಪ ಮಾಮಾ ತಾವೇ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಓದಿದರು, ಓದಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಫಲಕದ ಮೇಲೆ ಆಯಿಯ ಹೆಸರು ಮೊದಲು ಬರಲಿ ಎಂದು ಅಲ್ಲಿಯೇ ತೀರ್ಮಾನವಾಯಿತು. ನಾನು ಗೆದ್ದೆ ಎಂದುಕೊಂಡೆ. ಮರುದಿನ ನಿಮ್ಮ ಪತ್ರ ಓದಿ ಅಡುಗೆಮನೆಯ ನೆಲದ ಮೇಲೆ ಕುಳಿತೆ. ನಿಮ್ಮ ತಂದೆ ಆಯಿಯನ್ನು ಅಡಗಿಸಿದರೋ, ಉಳಿಸಿದರೋ? ಎರಡನ್ನೂ ಒಂದೇ ಕೈಯಿಂದ ಮಾಡಿದರೋ? ಚರಿತ್ರೆಯಲ್ಲಿ ಅದಕ್ಕೆ ಸಾಲು ಹೇಗೆ ಬರೆಯಲಿ?

ನಿಮ್ಮ ಹೆದರಿಕೆಯೂ ನಿಜವಾಯಿತು. ಮಂಗಳವಾರ ಬೆಳಿಗ್ಗೆ ಯಾರೋ ಕಲ್ಲಿಗೆ ಕುಂಕುಮ ಇಟ್ಟಿದ್ದರು. "ಅಪ್ಪ ಯಾಕ ಮಲಗಿಸಿದ್ದ ಅಂತ ಈಗ ತಿಳೀತೇನವ್ವಾ?" ಎಂದರು ಮಾಣಿಕಪ್ಪ ಮಾಮಾ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ದಣಿವಿತ್ತು. ಸಂಜೆ ಕಮಿಟಿ ಸೇರಿತು. ಒಡೆಯಿರಿ ಎಂದವರು ಇದ್ದರು. ಮತ್ತೆ ಬೋರಲು ಹಾಕಿರಿ ಎಂದವರೂ ಇದ್ದರು. ಕೊನೆಗೆ ಪಾಸ್ಟರ್ ಶಾಂತಕುಮಾರ ಅವರು ಒಂದು ದಾರಿ ಹೇಳಿದರು. ಬಾಗಿಲ ಪಕ್ಕದ ಗೋಡೆಗೆ ಕಲ್ಲನ್ನು ನಿಲ್ಲಿಸಿ ಸಿಮೆಂಟ್ ಹಾಕಿ ಕೂಡಿಸುವುದು, ಮುಂದೆ ಗಾಜು ಹಾಕುವುದು. ಹೆಸರು ಕಾಣುತ್ತದೆ, ಯಾರ ಕೈಯೂ ತಾಗುವುದಿಲ್ಲ. ನಾನೂ ತಲೆಯಾಡಿಸಿದೆ. ನಾಳೆ ಬೆಳಿಗ್ಗೆ ಸೂಗಪ್ಪ ಸಿಮೆಂಟ್ ಕಲಸುತ್ತಾನೆ.

ಇದನ್ನು ಬರೆದು ಲಕೋಟೆಗೆ ಹಾಕಬೇಕೆನ್ನುವಾಗ ಬಾಗಿಲ ಚಿಲಕದ ಸದ್ದಾಯಿತು. ತಾಜುನ್ನಿಸಾ ಖಾಲಾ. ಕೈಯಲ್ಲಿ ಕುಸುಬಿ ಎಣ್ಣೆಯ ಸಣ್ಣ ಬಾಟಲಿ. ಇಂದು ಗುರುವಾರವೆಂದು ಆಗ ನೆನಪಾಯಿತು ನನಗೆ.

"ನೀವೇನು ಖಾಲಾ ಎಣ್ಣೆ ಹಾಕುತ್ತಿದ್ದದ್ದು?"

"ಮತ್ತ ಯಾರು? ಮೊದ್ಲ ನಾಕೈದು ಮಂದಿ ಇದ್ದಿವಿ. ಒಬ್ಬೊಬ್ಬರೇ ಹೋದ್ರು. ಈಗ ನಾ ಒಬ್ಬಾಕಿ."

"ಕೇಳಿದಾಗ ಕಣ್ಣು ಕಾಣುವುದಿಲ್ಲ ಎಂದಿರಲ್ಲ?"

"ನೀ ಪೊಲೀಸರ ಹಂಗ ಕೇಳಿದಿ, ನಾ ಕುರುಡಿ ಆದೆ" ಎಂದು ನಕ್ಕರು.

ಒಳಗೆ ಕರೆದೆ. ಬರಲಿಲ್ಲ, ಚೌಕಟ್ಟಿಗೆ ಕೈಯೂರಿ ನಿಂತರು. ಕುಂಕುಮ ಇಟ್ಟವರು ನೀವಲ್ಲ, ಆದರೂ ಕೇಳುತ್ತೇನೆ, ನಿಮ್ಮ ಧರ್ಮದಲ್ಲಿ ಕಲ್ಲಿಗೆ ಪೂಜೆ ಇಲ್ಲವಲ್ಲ ಖಾಲಾ, ನಮ್ಮದರಲ್ಲೂ ಇಲ್ಲ, ಮತ್ತೇಕೆ ಈ ಎಣ್ಣೆ ಎಂದೆ. ಅವರು ನನ್ನನ್ನು ನೋಡಿದ ರೀತಿ ಹೇಗೆ ಬರೆಯಲಿ, ಅಕ್ಷರ ಬಾರದ ಮಗುವನ್ನು ನೋಡುವ ಹಾಗೆ.

"ಪೂಜಾ ಯಾರ್ ಮಾಡ್ಯಾರ? ನನ ಮೊದ್ಲನೇ ಬಾಣಂತನದಾಗ ಗುಂಡಮ್ಮ ಬಂದು ದಿನಾ ಬೆನ್ನಿಗಿ ಎಣ್ಣಿ ತಿಕ್ಕಿದ್ಲು. ನಮ್ಮ ಅಮ್ಮಿ ಇದ್ದಿದ್ದಿಲ್ಲ. ರೊಕ್ಕ ಕೊಟ್ರ ತಗೋಳಿಲ್ಲ. 'ನನ ಬೆನ್ನು ನೋವು ಬಂದಾಗ ತಿಕ್ಕಾಕ ಬಾ' ಅಂದ್ಲು. ಬರೋದ್ರಾಗ ಸತ್ತೇ ಹೋದ್ಲು. ಆಮ್ಯಾಲ ನಿಮ್ಮೋರು ಅಕಿನ್ನ ಬೋರಲ ಮಲಗಿಸಿದ್ರು. ಬೆನ್ನು ಮ್ಯಾಲ ಬಂತು. ನಾವೆಲ್ಲ ಬಾಣಂತೇರು, ಹೋಗಿ ತಿಕ್ಕಿದಿವಿ. ನಿಮ್ಮ ಅವ್ವನೂ ತಿಕ್ಯಾಳ, ಹಾಡೂ ಹಾಡ್ಯಾಳ."

ಹಾಡಿನ ಎರಡನೆಯ ಸಾಲು ಕೇಳಿದೆ. ಅವರು ಹಾಡಲಿಲ್ಲ, ಹೇಳಿದರು: 'ಬೆನ್ನು ಕೊಟ್ಟ ತಾಯಿ, ನನ ಬೆನ್ನ ತಿಕ್ಕಿದಿ.'

ಅತ್ತೆ, ನಾನು ಎಣ್ಣೆಯಲ್ಲಿ ಕಳ್ಳತನ ಕಂಡೆ, ನೀವು ವಿಗ್ರಹ ಕಂಡಿರಿ. ಇಬ್ಬರೂ ಸೂಲಗಿತ್ತಿಯ ಮನೆಯವರೇ.

ನಾಳೆ ಕಲ್ಲನ್ನು ಗೋಡೆಗೆ ಕೂಡಿಸುತ್ತಾರೆ ಎಂದು ಖಾಲಾಗೆ ಹೇಳಿದೆ. ಗಾಜಿನ ವಿಷಯವನ್ನೂ ಹೇಳಿದೆ. ಕೇಳಿಸಿಕೊಂಡು ಬಾಟಲಿಯ ಮುಚ್ಚಳ ಬಿಗಿ ಮಾಡಿದರು. ಆಮೇಲೆ ಮೆಟ್ಟಿಲಿಳಿದು, ತಿರುಗಿ ನಿಂತು ಹೇಳಿದರು:

"ಗಾಜು ಹಾಕ್ರಿ, ನನದೇನು ತಕರಾರಿಲ್ಲ. ಮುಖ ನಿಮ್ಮದು. ಖರೆ ಗ್ವಾಡಿಗಿ ಪೂರಾ ಹಚ್ಚಬ್ಯಾಡಂತ ಹೇಳು ಸೂಗಪ್ಪಗ. ಹಿಂದ ಸಂದಿ ಬಿಡ್ಲಿ, ನನ ಕೈ ಹೋಗುವಷ್ಟು."